ಅಜ್ಜಿಯ ಸೀಟು ಪರಂಪರೆಗೆ, ಇಂಜಿನ್ನು ಕ್ರೀಡೆಗೆ

ಇಲ್ಲ ಮಾನ್ಯರೇ, ಯಾರಿಗೂ ಅನುಕೂಲವಾಗುವುದಿಲ್ಲ. "ಮಧ್ಯೆ ಒಂದು ಗೋಡೆ ಎಬ್ಬಿಸಿಬಿಟ್ಟರೆ ಎರಡೂ ಕಡೆಯವರಿಗೆ ಅನುಕೂಲ ಅಲ್ವೇನ್ರಿ?" ಎಂದು ನಿನ್ನೆ ಫೋನಿನಲ್ಲಿ ಕೇಳಿದಿರಿ. ನಾನು ಬಾಯಿ ತೆರೆಯುವ ಮೊದಲೇ ಫೋನಿಟ್ಟಿರಿ. ಪ್ರಶ್ನೆ ಕೇಳುವುದಷ್ಟೇ ನಿಮ್ಮ ಕೆಲಸ, ಉತ್ತರ ಕೇಳಿಸಿಕೊಳ್ಳುವುದು ಬೇರೆ ಯಾವುದೋ ವಿಭಾಗಕ್ಕೆ ಸೇರಿದ್ದು ಎಂದು ಕಾಣುತ್ತದೆ. ಹಾಗಾಗಿ ಉತ್ತರವನ್ನು ಇಡೀ ಊರಿಗೇ ಕೇಳಿಸುವ ಹಾಗೆ ಬರೆಯುತ್ತಿದ್ದೇನೆ. ಇದರ ಒಂದು ಪ್ರತಿ ಪತ್ರಿಕೆಗೆ, ಇನ್ನೊಂದು ನಿಮ್ಮ ಕಚೇರಿಯ ಗೋಡೆಗೆ. ಗೋಡೆ ಅಂದರೆ ನಿಮಗೆ ಪ್ರೀತಿಯಲ್ಲವೇ?

ಓದುವ ಉಳಿದವರಿಗೂ ವಿಷಯ ತಿಳಿಯಲಿ. ಇವರು ಸಾರ್ವಜನಿಕ ಕಟ್ಟಡಗಳ ಅಧಿಕಾರಿಗಳು. ನಾನು ಮನೆ ಮನೆಗೆ ಪಾರ್ಸೆಲ್ ಹಂಚುವವನು, ಹತ್ತನೇ ತರಗತಿಯವರೆಗೆ ಓದಿದವನು, ನಮ್ಮ ಮೋಟಾರ್ ಸೈಕಲ್ ಬಳಗದ ಕಾರ್ಯದರ್ಶಿ. ಅಗ್ನಿಶಾಮಕದವರು ಬಿಟ್ಟುಹೋದ ಹಳೆಯ ಶೆಡ್ಡಿನಲ್ಲಿ ನಾವು ಗಾಡಿಗಳನ್ನು ನಿಲ್ಲಿಸಿಕೊಳ್ಳುತ್ತೇವೆ. ನಾವು ಬರುವಾಗ ಅಲ್ಲಿ ಪಾರಿವಾಳಗಳಿದ್ದವು. ಅವು ಯಾವ ಇಲಾಖೆಗೂ ಅರ್ಜಿ ಹಾಕಿರಲಿಲ್ಲ, ಅವುಗಳ ಮಧ್ಯೆ ಗೋಡೆ ಕಟ್ಟಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ನಮ್ಮಲ್ಲಿ ತಾತನ ಕಾಲದ ಗಾಡಿಯೂ ಉಂಟು, ಮೊನ್ನೆ ಅಂಗಡಿಯಿಂದ ಇಳಿದ ಗಾಡಿಯೂ ಉಂಟು. ಎರಡು ಚಕ್ರ, ಒಂದು ಇಂಜಿನ್ನು, ಜಗಳ ಆಡಿದರೂ ಮಾರನೇ ವಾರ ಬರುವ ಬುದ್ಧಿ, ಇಷ್ಟಿದ್ದರೆ ಸೇರಬಹುದು. ಮೂರನೇ ಚಕ್ರಕ್ಕೆ ಅವಕಾಶ ಕೊಟ್ಟಿರುವುದು ನಮ್ಮ ಅಜ್ಜಿಗೆ ಮಾತ್ರ, ಏಕೆಂದರೆ ಬಳಗದ ಅಧ್ಯಕ್ಷೆ ಅವರೇ. ಅವರು ಕೂರುವುದು ಬೈಕಿನ ಪಕ್ಕಕ್ಕೆ ಬೋಲ್ಟು ಹಾಕಿ ಜೋಡಿಸಿದ ಸೈಡ್‌ಕಾರಿನಲ್ಲಿ.

ಇಷ್ಟು ವರ್ಷ ಇದರಿಂದ ಯಾರಿಗೂ ಹೊಟ್ಟೆನೋವು ಬಂದಿರಲಿಲ್ಲ. ನೀವು ಈ ಕುರ್ಚಿಗೆ ಬಂದಿರಿ, ಹಳೆಯ ಗಾಡಿಗಳು ಪರಂಪರೆ ವಿಭಾಗಕ್ಕೆ, ಹೊಸವು ಕ್ರೀಡಾ ವಿಭಾಗಕ್ಕೆ ಎಂದಿರಿ. ಒಂದೇ ಸೂರಿನಡಿ ಎರಡು ವಿಭಾಗ ಇರಬೇಕಾದರೆ ನಡುವೆ ಗೋಡೆ ಇರಲೇಬೇಕಂತೆ. ಪರಂಪರೆಯ ಕಡೆ ಯಾವ ಇಂಜಿನ್ನನ್ನೂ ಚಾಲೂ ಮಾಡುವಂತಿಲ್ಲ. ಕ್ರೀಡೆಯ ಕಡೆ ಒಂದು ಗಾಡಿಗೆ ಒಬ್ಬರೇ. ಒಪ್ಪದಿದ್ದರೆ ಶೆಡ್ ಖಾಲಿ ಮಾಡಬೇಕು. ವಿಂಗಡಿಸಲು ನಿಮ್ಮ ತಪಾಸಕರನ್ನು ಕಳಿಸಿದಿರಿ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಓಡಾಡಿದ ಆ ಮಹನೀಯರ ವಿಧಾನ ಸರಳವಾಗಿತ್ತು: ಟ್ಯಾಂಕಿನಲ್ಲಿ ತಮ್ಮ ಮುಖ ಕಂಡರೆ ಹೊಸದು, ಕಾಣದಿದ್ದರೆ ಹಳೆಯದು.

ನಮ್ಮ ಬಳಗದಲ್ಲಿ ಒಬ್ಬ ಅಕ್ಕ ಇದ್ದಾರೆ, ಆಸ್ಪತ್ರೆಯಲ್ಲಿ ನರ್ಸು. ಅವರ ಬೈಕು ಕೀಲಿಯನ್ನೇ ಕೇಳದಷ್ಟು ಹೊಸದು, ಗುಂಡಿ ಒತ್ತಿದರೆ ಸಾಕು. ಆದರೆ ಒರೆಸಲು ಅವರಿಗೆ ಪುರುಸೊತ್ತಿಲ್ಲ. ತಪಾಸಕರು ಟ್ಯಾಂಕಿನ ಮೇಲೆ ಬೆರಳಾಡಿಸಿದರು, ಬೆರಳಿಗಂಟಿದ ಮಣ್ಣನ್ನು ಭಕ್ತಿಯಿಂದ ನೋಡಿದರು. "ಪರಂಪರೆ" ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು.

"ಸಾರ್, ಈ ಗಾಡಿ ನನ್ನ ತಮ್ಮನ ಮಗಳಿಗಿಂತ ಚಿಕ್ಕದು. ಅವಳಿಗಿನ್ನೂ ಹಲ್ಲೇ ಬಂದಿಲ್ಲ" ಎಂದರು ಅಕ್ಕ.

"ನೋಡಮ್ಮ, ಇಷ್ಟೊಂದು ಧೂಳು ಅಷ್ಟು ಬೇಗ ಕೂರಲ್ಲ. ನಮಗೂ ಅನುಭವ ಇದೆ."

"ನಮ್ಮ ಆಸ್ಪತ್ರೆ ರಸ್ತೆಗೆ ಒಂದ್ಸಲ ಬನ್ನಿ ಸಾರ್. ನೀವೂ ಪರಂಪರೆ ಆಗ್ತೀರಿ."

ಆಮೇಲೆ ನಮ್ಮ ದೊಡ್ಡಪ್ಪನ ಸರದಿ. ದೊಡ್ಡಪ್ಪ ದರ್ಜಿ. ತಾತ ಬಿಟ್ಟುಹೋದ ಬೈಕನ್ನು ಅಂಗಡಿಯಲ್ಲಿ ಉಳಿದ ಬಟ್ಟೆ ಚೂರುಗಳಿಂದ ದಿನಾ ಉಜ್ಜುತ್ತಾರೆ. ಕೂಸಿಗೂ ಯಾರೂ ಅಷ್ಟು ಮೈ ಒರೆಸಿರಲಾರರು. ನಿಮ್ಮ ತಪಾಸಕರು ಆ ಟ್ಯಾಂಕಿನ ಮುಂದೆ ಬಗ್ಗಿ ತಲೆ ಬಾಚಿಕೊಂಡರು. "ಏನ್ರೀ ಇದು, ಯಾವ ಹೊಸ ಮಾಡೆಲ್ಲು?" ಎಂದರು. ಇಲ್ಲೇ ನೋಡಿ ನಮ್ಮ ಕತೆ ಕೆಟ್ಟದ್ದು. ದೊಡ್ಡಪ್ಪನನ್ನು ಅವರ ಬದುಕಿನಲ್ಲಿ ಯಾರೂ ಹೊಗಳಿದ್ದಿಲ್ಲ. ಗಿರಾಕಿಗಳು ತೋಳು ಬಿಗಿ ಅನ್ನುತ್ತಾರೆ, ದೊಡ್ಡಮ್ಮ ಬಾಯಿ ಸಡಿಲ ಅನ್ನುತ್ತಾರೆ. ಇದು ನಮ್ಮಪ್ಪನ ಕಾಲದ್ದು ಎಂದು ಹೇಳುವುದು ಬಿಟ್ಟು ಮನುಷ್ಯ ಕಿವಿವರೆಗೂ ನಕ್ಕು, "ಹೌದಾ ಸಾರ್? ಹಾಗೆ ಕಾಣುತ್ತಾ?" ಎಂದುಬಿಟ್ಟರು. ಅಲ್ಲಿಗೆ ಬೈಕು ಕ್ರೀಡೆಗೆ ಹೋಯಿತು.

ಅದೇ ಬೈಕಿಗೆ ಜೋಡಿಸಿದ್ದ ಅಜ್ಜಿಯ ಸೈಡ್‌ಕಾರು ಮಾತ್ರ ಹಳೆಯದಾಗಿಯೇ ಉಳಿಯಿತು. ಅದರ ಸೀಟು ಹರಿದಿದೆ. ದೊಡ್ಡಪ್ಪ ಹೊಲಿದುಕೊಡುತ್ತೇನೆಂದರೂ ಅಜ್ಜಿ ಬಿಡುವುದಿಲ್ಲ, "ನನ್ನ ಮೈಗೆ ಒಗ್ಗಿದೆ, ಸೂಜಿ ಮುಟ್ಟಿಸಬೇಡ" ಅನ್ನುತ್ತಾರೆ. ಅದಕ್ಕೆ "ಪರಂಪರೆ ವಸ್ತು. ಮುಟ್ಟಬಾರದು. ಸರಿಸಬಾರದು" ಎಂಬ ಬೋರ್ಡು ನೇತುಹಾಕಿದರು. ನಡುವಿನ ಬೋಲ್ಟುಗಳನ್ನು ಬಿಚ್ಚಿಸಿದರು.

"ಹಾಗಾದ್ರೆ ನಾನೆಲ್ಲಿ ಕೂರ್ಲಪ್ಪ?" ಎಂದು ಅಜ್ಜಿ ಕೇಳಿದರು.

"ಅದರಲ್ಲೇ ಕೂತ್ಕೊಳ್ಳಿ ಅಜ್ಜಿ. ಕೂರಬಾರದು ಅಂತ ಎಲ್ಲೂ ಬರೆದಿಲ್ಲ."

"ಕೂರೋಕೆ ನಮ್ಮನೇಲಿ ಮಂಚ ಇದೆ. ನನಗೆ ಬೇಕಾಗಿರೋದು ಹೋಗೋದು."

ಮಾನ್ಯರೇ, ನೀವು ಈ ಪತ್ರದಲ್ಲಿ ಮತ್ತೇನು ಮರೆತರೂ ಆ ಮಾತನ್ನು ಮರೆಯಬೇಡಿ. ಅಜ್ಜಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಬೈಕಿನ ಹಿಂದೆ ಕಾಲು ಎತ್ತಿ ಹಾಕಲಾಗುವುದಿಲ್ಲ. ಮದುವೆಯಾದ ಹೊಸದರಲ್ಲಿ ತಾತ ಅವರನ್ನು ಕೂರಿಸಿಕೊಂಡು ಹೋದ ಸೀಟು ಅದು. ಇವತ್ತಿಗೂ ಭಾನುವಾರ ಬಂದರೆ ಅದೊಂದೇ ಅವರಿಗೆ ಹೊರಗಿನ ಗಾಳಿ. ನಿಮ್ಮ ಆದೇಶ ಬಂದ ಮೇಲೆ ಎರಡು ಭಾನುವಾರ ಅವರು ಮನೆಯಲ್ಲೇ ಕೂತರು. ಕೂತರು ಎಂದೆನೇ? ತಪ್ಪಾಯಿತು. ನಮ್ಮಮ್ಮನ ಅಡುಗೆಮನೆಯನ್ನು ಉಲ್ಟಾ ಜೋಡಿಸಿದರು, ಬೀರುವನ್ನು ತೊಳೆದರು, ಪಾತ್ರೆಗಳನ್ನೆಲ್ಲ ಮುಖ ಕಾಣುವ ಹಾಗೆ ಉಜ್ಜಿಟ್ಟರು. ನಿಮ್ಮ ತಪಾಸಕರೇನಾದರೂ ನಮ್ಮ ಮನೆಗೆ ಬಂದರೆ ಅನ್ನದ ಪಾತ್ರೆಯೂ ಕ್ರೀಡಾ ವಿಭಾಗಕ್ಕೆ ಹೋಗುವುದು ಖಂಡಿತ. ಸಕ್ಕರೆ ಡಬ್ಬಿ ಎಲ್ಲಿ ಹೋಯಿತೆಂದು ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಅಜ್ಜಿಯನ್ನು ಕೇಳುವ ಧೈರ್ಯ ಅಪ್ಪನಿಗೂ ಇಲ್ಲ.

ಇನ್ನು ದೊಡ್ಡಪ್ಪನ ಮೇಲೆ ನೀವು ಹೊರಿಸಿದ ಆರೋಪಕ್ಕೆ ಬರುತ್ತೇನೆ. ಆಗಿದ್ದಿಷ್ಟು. ತಮ್ಮ ನಗುವಿನಿಂದ ಮನೆ ಹಾಳಾಯಿತೆಂದು ಗೊತ್ತಾದ ಮೇಲೆ ದೊಡ್ಡಪ್ಪ ನಿಮ್ಮ ಹತ್ತಿರ ನಿಜ ಹೇಳಲು ಹೊರಟರು, ಸೈಡ್‌ಕಾರ್ ಇಲ್ಲದ ಬೈಕಿನಲ್ಲಿ. ಮೂರು ಚಕ್ರದ ಗಾಡಿ ಓಡಿಸುವವರಿಗೆ ಒಂದು ಅಭ್ಯಾಸ ಇರುತ್ತದೆ ಮಾನ್ಯರೇ. ಗಾಡಿ ನಿಂತಾಗ ಅವರು ಕಾಲು ಕೆಳಗಿಡುವುದಿಲ್ಲ. ಇಡುವ ಅಗತ್ಯವೇ ಇಲ್ಲ, ಪಕ್ಕದಲ್ಲಿ ಅಜ್ಜಿ ಇದ್ದಾರಲ್ಲ! ದೊಡ್ಡಪ್ಪನ ಕಾಲಿಗೆ ಆ ವಿಷಯವೇ ಮರೆತು ಎಷ್ಟೋ ಕಾಲವಾಗಿದೆ. ನಿಮ್ಮ ಕಿಟಕಿಯ ಕೆಳಗೆ ಗಂಭೀರವಾಗಿ ಬಂದರು, ಗಂಭೀರವಾಗಿ ಬ್ರೇಕ್ ಹಾಕಿದರು, ಕಾಲರ್ ಸರಿಮಾಡಿಕೊಂಡರು, ಅಷ್ಟೇ ಗಂಭೀರವಾಗಿ ಒಂದು ಪಕ್ಕಕ್ಕೆ ವಾಲುತ್ತಾ ಹೋಗಿ ನಿಮ್ಮ ಹೂಕುಂಡದ ಮೇಲೆ ಮಲಗಿದರು. ಬಿದ್ದಲ್ಲಿಂದಲೇ ನಿಮ್ಮ ಅಟೆಂಡರಿಗೆ, "ಸಾಹೇಬ್ರನ್ನ ಸ್ವಲ್ಪ ನೋಡಬೇಕಿತ್ತು" ಎಂದರಂತೆ. ನೀವು ನೋಡಿದಿರಿ, ಕಿಟಕಿಯಿಂದ. ನೋಡಿ, ಬಳಗದ ಸದಸ್ಯರು ಕುಡಿದು ಗಾಡಿ ಓಡಿಸುತ್ತಾರೆಂದು ನೋಟಿಸು ಬರೆದಿರಿ. ಕುಡಿಯುವುದೇ? ಮಧ್ಯಾಹ್ನ ಕಾಫಿ ಕುಡಿದರೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಹೆದರುವ ಮನುಷ್ಯ ಅವರು! ಬೈಕಿನಿಂದ ಅಜ್ಜಿಯನ್ನು ಬಿಚ್ಚಿಸಿದ್ದು ಯಾರು? ಬಿದ್ದದ್ದಕ್ಕೆ ನೋಟಿಸು ಕೊಡಬೇಕಾದ್ದು ಯಾರಿಗೆ?

ಹಳೆಯದು, ಹೊಸದು ಅಂತೀರಲ್ಲ, ನನ್ನ ಗಾಡಿಯನ್ನೇ ನೋಡಿ. ಚೌಕಟ್ಟು ಅಪ್ಪನ ಹರೆಯದ್ದು, ಟ್ಯಾಂಕು ಗುಜರಿಯದ್ದು, ಟೈರು ಹೊಸವು, ಸೀಟು ಯಾರದೋ ಸೋಫಾದ ಉಳಿಕೆ ಬಟ್ಟೆಯದ್ದು. ನಿಮ್ಮ ಗೋಡೆಯನ್ನು ನನ್ನ ತೊಡೆಗಳ ನಡುವೆಯೇ ಎಬ್ಬಿಸುತ್ತೀರೋ? ಅಜ್ಜಿಗೆ ಬಲ ಮಂಡಿ ಹೊಸದಾಗಿ ಹಾಕಿಸಿದ್ದು, ಎಡ ಮಂಡಿ ಹುಟ್ಟಿನಿಂದ ಬಂದದ್ದು. ಬಲಗಾಲು ಓಟದ ಪಂದ್ಯಕ್ಕೆ ಹೋಗಿ ಎಡಗಾಲು ವಸ್ತುಸಂಗ್ರಹಾಲಯದ ಹಗ್ಗದ ಹಿಂದೆ ನಿಲ್ಲಬೇಕೇ? ತಾವು ಕೂಡ ಕೂದಲಿಗೆ ಕಪ್ಪು ಹಚ್ಚುತ್ತೀರಿ. ತಪ್ಪಿಲ್ಲ. ಆದರೆ ಹುಬ್ಬನ್ನು ಮರೆತಿದ್ದೀರಿ. ಹಣೆಯ ಮೇಲೊಂದು ಗೋಡೆ ಕಟ್ಟಿಸಿಕೊಳ್ಳಿ ಎಂದು ನಾವೇನಾದರೂ ನೋಟಿಸು ಕೊಟ್ಟೆವೇ?

ನಮ್ಮ ಪದ್ಧತಿ ನಿಮಗೆ ಗೊತ್ತಿಲ್ಲ. ಒಂದು ಹಳೆಯ ಗಾಡಿಗೆ ಒಂದು ಹೊಸ ಗಾಡಿ ಜೋಡಿ. ಹಳೆಯದು ಮುಂದೆ, ಹೊಸದು ಹಿಂದೆ, ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ. ದೊಡ್ಡಪ್ಪನ ಗಾಡಿ ದಾರಿಯುದ್ದಕ್ಕೂ ಆಯಿಲ್ ತೊಟ್ಟಿಕ್ಕುತ್ತದೆ, ಹಿಂದೆ ಉಳಿದವರು ಆ ಚುಕ್ಕೆಗಳನ್ನು ನೋಡಿಕೊಂಡೇ ದಾರಿ ಹಿಡಿಯುತ್ತಾರೆ. ಅದು ಕೆಟ್ಟು ನಿಂತರೆ ನರ್ಸ್ ಅಕ್ಕ ಹಗ್ಗ ಕಟ್ಟಿ ಎಳೆಯುತ್ತಾರೆ. ಒಂದು ದಿನ ಅಕ್ಕನ ಗಾಡಿಯೇ ಗುಂಡಿ ಒತ್ತಿದರೆ ಉಸಿರೆತ್ತಲಿಲ್ಲ. ಅವರನ್ನು ಡ್ಯೂಟಿಗೆ ಎಳೆದುಕೊಂಡು ಹೋದದ್ದು ಇದೇ ಮುದಿ ಇಂಜಿನ್ನು. ಸೈಡ್‌ಕಾರಿನಿಂದ ಅಜ್ಜಿ ಹಿಂದೆ ತಿರುಗಿ, "ಹಗ್ಗ ಬಿಗಿ ಹಿಡ್ಕೊಳ್ಳೆ, ನಿನ್ನ ರೋಗಿಗಳು ಎಲ್ಲೂ ಓಡಿಹೋಗಲ್ಲ!" ಎಂದು ಕೂಗುತ್ತಿದ್ದರು. ಬರೀ ಹಳೆಯವರೇ ಹೊರಟರೆ ನಾವು ಊರು ದಾಟುವುದಿಲ್ಲ. ಬರೀ ಹೊಸಬರೇ ಹೊರಟರೆ ಬೇಗ ಹೋಗಿ ಮುಟ್ಟಿ, ಅಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಫೋನು ನೋಡುತ್ತಾ ಕೂರುತ್ತೇವೆ. ಇದಕ್ಕೆ ನೀವು ಗೋಡೆ ಕಟ್ಟಬೇಕೇ?

ಇವತ್ತು ಬೆಳಿಗ್ಗೆ ಗಾರೆ ಮೇಸ್ತ್ರಿಯನ್ನು ಕಳಿಸಿಯೇಬಿಟ್ಟಿರಿ. ಪಾಪ, ಇಟ್ಟಿಗೆ ಇಳಿಸಿ, ದಾರ ಕಟ್ಟಿ, ನೆಲಕ್ಕೆ ಸುಣ್ಣದ ಗೆರೆ ಎಳೆದ. ಚಹಾ ಕುಡಿದು ಬರುವಷ್ಟರಲ್ಲಿ ಆ ಗೆರೆಯ ಮೇಲೆ ಸರಿಯಾಗಿ ಸೈಡ್‌ಕಾರ್ ನಿಂತಿತ್ತು, ಒಳಗೆ ಅಜ್ಜಿ ಬಟಾಣಿ ಸುಲಿಯುತ್ತಿದ್ದರು. ಸರಿಸಬಾರದ ವಸ್ತುವನ್ನು ಸರಿಸಿದ್ದು ಯಾರು ಎಂದು ತನಿಖೆ ಮಾಡಿಸಿ. ನಮಗಾರಿಗೂ ಗೊತ್ತಿಲ್ಲ, ಎಲ್ಲರೂ ಅಲ್ಲೇ ಇದ್ದೆವು.

"ಅಜ್ಜಿ, ಸ್ವಲ್ಪ ಆಚೆ ಸರೀತೀರಾ?"

"ನಿನಗೆ ಓದೋಕೆ ಬರುತ್ತೇನಪ್ಪ?"

"ಬರುತ್ತೆ."

"ಆ ಬೋರ್ಡ್ ಓದು. ಜೋರಾಗಿ ಓದು."

ಮೇಸ್ತ್ರಿ ಓದಿದ. ಮುಟ್ಟಬಾರದು, ಸರಿಸಬಾರದು.

"ನಾನು ಒಳಗಿದೀನಿ. ನಾನೂ ಸೇರಿದೀನಿ ಅದರಲ್ಲಿ."

ಮೇಸ್ತ್ರಿ ತಪಾಸಕರಿಗೆ ಫೋನು ಮಾಡಿದ. ಅವರು ಮೊದಲು ಕಟ್ಟು ಅಂದರು, ಆಮೇಲೆ ಮುಟ್ಟಬೇಡ ಅಂದರು, ಆಮೇಲೆ ಮುಟ್ಟದೆ ಕಟ್ಟು ಅಂದರು, ಕೊನೆಗೆ ಸಾಹೇಬ್ರನ್ನ ಕೇಳ್ತೀನಿ ತಾಳು ಅಂದರು. ಮೇಸ್ತ್ರಿ ಇಟ್ಟಿಗೆ ರಾಶಿಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಅವನೂ ಬಟಾಣಿ ಸುಲಿಯತೊಡಗಿದ. ಇನ್ನೂ ಸ್ವಲ್ಪ ಹೊತ್ತಿಗೆ, ತನ್ನದೊಂದು ಬೈಕು ಮನೆಯಲ್ಲಿ ಕೆಟ್ಟು ನಿಂತಿದೆ, ಅದನ್ನೂ ಬಳಗಕ್ಕೆ ಸೇರಿಸಬಹುದಾ ಎಂದು ಕೇಳಿದ.

ಈಗ ನಮ್ಮ ಬೇಡಿಕೆ. ಆ ಸುಣ್ಣದ ಗೆರೆ ಅಳಿಸಬೇಕು. ನಮ್ಮ ಶೆಡ್ಡು ನಮಗೆ ಇಡಿಯಾಗಿ ಇರಬೇಕು. ಅಜ್ಜಿಯ ಸೀಟು ಮತ್ತು ಅದನ್ನು ಎಳೆಯುವ ಇಂಜಿನ್ನು ಒಂದೇ ಗಾಡಿ ಎಂದು ನಿಮ್ಮ ಕೈಯಿಂದಲೇ ಬರೆದುಕೊಡಬೇಕು. ದೊಡ್ಡಪ್ಪನ ಮೇಲಿನ ಕುಡಿತದ ಮಾತನ್ನು ವಾಪಸು ತೆಗೆದುಕೊಳ್ಳಬೇಕು, ಹೂಕುಂಡವನ್ನು ನಾವೇ ತಂದಿಡುತ್ತೇವೆ. ನಿಮ್ಮ ತಪಾಸಕರ ಕನ್ನಡಕವನ್ನು ಯಾರಾದರೂ ಪುಣ್ಯಾತ್ಮರು ಕಣ್ಣಿನವರೆಗೆ ಇಳಿಸಬೇಕು.

ಇದನ್ನು ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತೇ ಮುಗಿಸುತ್ತಿದ್ದೇನೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತಾರೆ ಅಟೆಂಡರು. ಒಳಗಿನಿಂದ ಗೊರಕೆ ಕೇಳುತ್ತಿದೆ. ಸಿಂಗಲ್ ಸಿಲಿಂಡರ್ ಇಂಜಿನ್ನು, ಒಂದೇ ಹದದಲ್ಲಿ ಓಡುತ್ತಿದೆ, ಎಲ್ಲೂ ಮಿಸ್ ಹೊಡೆಯುತ್ತಿಲ್ಲ. ನನಗೆ ಒಂದು ಕಡೆ ಕೂತು ಗೊತ್ತಿಲ್ಲ, ಕಾಲು ಜೋಮು ಹಿಡಿಯಿತು. ಹೊರಗೆ ದೊಡ್ಡಪ್ಪ ಬೋಲ್ಟುಗಳನ್ನು ಮತ್ತೆ ಬಿಗಿದು, ಅಜ್ಜಿಯನ್ನು ಕೂರಿಸಿಕೊಂಡು ಬಂದು ಹಾರ್ನ್ ಹೊಡೆಯುತ್ತಿದ್ದಾರೆ. ಇವತ್ತು ಭಾನುವಾರವೂ ಅಲ್ಲ. ಕಿಟಕಿಯಿಂದ ಬಗ್ಗಿ, "ಅನುಮತಿ ಬರಲಿ ಅಜ್ಜಿ, ಆಮೇಲೆ ಹೋಗೋಣ" ಎಂದೆ.

"ಕಾಯೋ ವಯಸ್ಸು ನಿಂದು ಕಣೋ, ನಂದಲ್ಲ. ಬಾ ಬೇಗ."

ಕೇಳಿದಿರಾ ಮಾನ್ಯರೇ? ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ? ಪತ್ರವನ್ನು ಗೋಡೆಗೆ ಅಂಟಿಸಲು ಎದ್ದಿದ್ದೇನೆ. ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋಗಿ, ಸಾಹೇಬರಿಗೆ ಎಚ್ಚರವಾಗುತ್ತೆ ಎಂದರು ಅಟೆಂಡರು. ಜೋರಾಗಿಯೇ ಹಾಕಿಕೊಂಡು ಹೋಗುತ್ತೇನೆ.

ಇಂತಿ,
ಯಾವ ವಿಭಾಗಕ್ಕೆ ಸೇರಿದವನೆಂದು ಇನ್ನೂ ತೀರ್ಮಾನವಾಗದ,
ಆ ಬಾಗಿಲಿನ ಸದ್ದಿಗೆ ತಾನೇ ಪೂರ್ತಿ ಹೊಣೆಯಾದ
ಬಳಗದ ಕಾರ್ಯದರ್ಶಿ