ನೆತ್ತಿಯ ಮೊಳೆ

ಗಾಳಿಯ ಲೆಕ್ಕದ ಮುನ್ನೂರ ಹನ್ನೊಂದನೇ ವರ್ಷ, ಹದಿನಾಲ್ಕನೇ ತಿಂಗಳು, ನಲವತ್ತನೇ ದಿನ
ಗದಗಿನ ಬಯಲು

ಗಾಳಿ ಏಳುವ ಮೊದಲು ಬದುಕಿದ್ದ ಹಿರಿಯರೇ,

ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಮನ್ನಿಸಿ. ನಿಮ್ಮ ಎಷ್ಟೋ ಮಾತುಗಳು ನಮ್ಮಲ್ಲಿ ಉಳಿದಿಲ್ಲ. ‘ಕಿಟಕಿ’ ಎಂಬುದನ್ನು ನಾನು ಹಳೆಯ ಬರಹದಲ್ಲಷ್ಟೇ ಓದಿದ್ದೇನೆ. ನಾವಿರುವುದು ಚಿಪ್ಪುಗಳಲ್ಲಿ. ಸುಣ್ಣ, ನಾರು ಕಲಸಿ ಕಟ್ಟಿದ, ಕೋಳಿಮೊಟ್ಟೆಯನ್ನು ಅಡ್ಡ ಮಲಗಿಸಿದಂಥ ಮನೆಗಳು. ದಪ್ಪ ತುದಿ ಗಾಳಿಗೆ ಎದುರು, ಚೂಪು ತುದಿ ಹಿಂದಕ್ಕೆ. ಗಾಳಿ ಮೈಗುಂಟ ಜಾರಿ, ಹಿಂದೆ ಸುಳಿಯೆಬ್ಬಿಸದೆ ಹೋಗಿಬಿಡುತ್ತದೆ. ಮೂಲೆಗಳಿದ್ದ ಮನೆಗಳನ್ನೆಲ್ಲ ಅದು ನಮ್ಮ ಮುತ್ತಜ್ಜಿಯರ ಕಾಲದಲ್ಲೇ ಕಿತ್ತೊಯ್ದಿತು. ಬೆರಳು ದಪ್ಪದ ಗೋಡೆ ಇಷ್ಟು ತಡೆಯುವುದು ಅದರ ಬಾಗಿನಿಂದ. ಮೇಲೆ ಬಿದ್ದ ಭಾರವನ್ನು ಮೈಯೆಲ್ಲ ಹಂಚಿಕೊಳ್ಳುತ್ತದೆ. ಒಳಗಿನಿಂದ ಒಂದೇ ಕಡೆ ತಿವಿದರೆ ಮಾತ್ರ ತಡೆಯದು. ಮರಿ ಹೊರಬರುವುದೂ ಹಾಗೆಯೇ.

ನನ್ನ ಕೆಲಸ ಚಿಪ್ಪು ಬಡಿದು ನೋಡುವುದು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಗೋಡೆ ಗಂಟೆಯಂತೆ ನುಡಿಯುತ್ತದೆ. ಏಳು ವರ್ಷದ ಹಿಂದೆ ಪಕ್ಕದ ನಿಂಬೆವ್ವನ ಮನೆಯ ನೆತ್ತಿ ಮಂಕಾಗಿ ನುಡಿಯಿತು. ನೋಡಿದರೆ ತೊಟ್ಟಿಲು ಕಟ್ಟಲು ಒಳಗಿನಿಂದ ಮೊಳೆ ಹೊಡೆದಿದ್ದಳು. ಕೂಸಿಗೆ ಆಗ ಎರಡು ತಿಂಗಳು. ಕೀಳಬೇಕೆಂದೆ. ನೆಲದ ಮೇಲೆ ಹಾಕಿದರೆ ಮಲಗುವುದೇ ಇಲ್ಲ, ಹದಿನೈದು ದಿನ ಬಿಡು ಎಂದು ಬೇಡಿಕೊಂಡಳು. ನಿದ್ದೆಗೆಟ್ಟು ಅವಳ ಕಣ್ಣು ಕೆಂಪಾಗಿದ್ದವು. ಹೂಂ ಎಂದು ಬಂದೆ.

ಒಂಬತ್ತನೇ ದಿನ ಮಧ್ಯಾಹ್ನ ದೊಡ್ಡ ಗಾಳಿ ಎದ್ದಿತು. ಮೊಳೆ ನೆನಪಾಯಿತು. ಸೊಂಟಕ್ಕೆ ಹಗ್ಗ ಬಿಗಿದು ತೆವಳಿಕೊಂಡು ಹೋದೆ. ಒಳಗೆ ಮೊಳೆಯ ಸುತ್ತ ಕೂದಲೆಳೆಯಂಥ ಬಿರುಕು, ನೋಡುತ್ತಿದ್ದಂತೆಯೇ ಉದ್ದವಾಗುತ್ತಿತ್ತು. ನಿಂಬೆವ್ವನ ಅತ್ತೆ ಶಂಕ್ರವ್ವ ಎರಡೂ ಅಂಗೈಗಳನ್ನು ಅದಕ್ಕೆ ಒತ್ತಿ ನಿಂತಿದ್ದಳು.

“ನೀವಿಬ್ರೂ ಹೋಗ್ರಿ, ಕೂಸಿನ್ನ ಒಯ್ರಿ. ನಾ ಕೈ ಬಿಟ್ರ ಈಗ ಬೀಳತೈತಿ,” ಎಂದಳು.

ಕೂಸನ್ನು ಎದೆಗವಚಿ, ಬೆನ್ನನ್ನು ಗುಂಡಗೆ ಮಾಡಿ ಗಾಳಿಗೆ ಕೊಟ್ಟು ತೆವಳಿದೆ. ನಿಂಬೆವ್ವ ಹಗ್ಗ ಹಿಡಿದು ಹಿಂದೆ ಬಂದಳು. ನಮ್ಮ ಬಾಗಿಲು ಮುಟ್ಟಿ ತಿರುಗಿ ನೋಡಿದಾಗ ಅಲ್ಲಿ ಬರೀ ನೆಲ. ಒಡೆದ ಸದ್ದು ಸಹ ನಮಗೆ ಕೇಳಿಸಿರಲಿಲ್ಲ. ಗಾಳಿ ಇಳಿದ ಮೇಲೆ ಮೂರು ದಿನ ಹುಡುಕಿದೆವು. ಶಂಕ್ರವ್ವ ಸಿಗಲಿಲ್ಲ.

ನಿಂಬೆವ್ವ ಒಮ್ಮೆ ಮಾತ್ರ ಕೇಳಿದ್ದಾಳೆ. “ನನ್ನ ಮೊಳಿಯಿಂದನ ಆತೇನ, ಹೊನ್ನಕ್ಕಾ?”

“ಅಲ್ಲವ್ವಾ. ಗಾಳಿನ ಭಾಳ ಇತ್ತು,” ಎಂದೆ.

ಅವಳು ನಂಬಿದಳು. ಅಂದಿನಿಂದ ತಾಯಿ ಮಗಳು ನಮ್ಮಲ್ಲೇ ಇದ್ದಾರೆ. ಗಾಳಿ ಎದ್ದಾಗಲೆಲ್ಲ ನಿಂಬೆವ್ವ ನನ್ನ ಸೆರಗು ಹಿಡಿದು ಕೂರುತ್ತಾಳೆ. ನಾನು ಪಕ್ಕದಲ್ಲಿದ್ದರೆ ಅವಳಿಗೆ ಧೈರ್ಯವಂತೆ. ಮೊಳೆ ಅವಳದು, ಇರಲಿ ಎಂದವಳು ನಾನು. ಇಲ್ಲಿ ಯಾರಿಗೂ ಹೇಳಲಾರದೆ ನಿಮಗೆ ಬರೆದೆ.

ಒಂದೇ ಬೇಡಿಕೆ. ಓದಿದ ಮೇಲೆ ಈ ಕಾಗದವನ್ನು ಸುಟ್ಟುಬಿಡಿ. ನೀವು ಜೋಪಾನ ಮಾಡಿಟ್ಟದ್ದೆಲ್ಲ ಒಂದಲ್ಲ ಒಂದು ದಿನ ನಮ್ಮ ಕೈ ಸೇರುತ್ತದೆ. ಆ ಕೂಸಿಗೀಗ ಏಳು ವರ್ಷ. ಸಿಕ್ಕಿದ ಹಳೆಯ ಕಾಗದವನ್ನೆಲ್ಲ ಕೂಡಿಸಿ ಓದುತ್ತಾಳೆ, ಅವರವ್ವನಿಗೂ ಓದಿ ಹೇಳುತ್ತಾಳೆ.

ಹೊನ್ನವ್ವ