ಚನ್ನಬಸವ್ವನ ದುಭಾಷಿ

ಕೋಥರೂಡ, ಪುಣೆ
೯ ಜೂನ್ ೨೦೦೩

ಪ್ರಿಯ ಮೈದುನ ಸಿದ್ದಲಿಂಗಪ್ಪನಿಗೆ,

ನಿನ್ನ ಭಾವ ಶಿವರುದ್ರಪ್ಪನ ಶರಣು. ನೀನು ಬೈಲಹೊಂಗಲದಿಂದ ಮೂರು ಪತ್ರ ಬರೆದೆ, ನಾನು ಒಂದಕ್ಕೂ ಉತ್ತರಿಸಲಿಲ್ಲ. ತಪ್ಪು ಅಂಚೆಯವನದು. ನಾನು ಬರೆಯದ ಪತ್ರಗಳನ್ನು ಅವನು ತಲುಪಿಸಲೇ ಇಲ್ಲ. ಆದರೂ ಕ್ಷಮಿಸು.

ನಿನ್ನ ಅಕ್ಕನ ಸುದ್ದಿ ಕೇಳಿದ್ದೀಯ. ಜನವರಿಯಲ್ಲಿ ನನ್ನ ಅರ್ಧಾಂಗಿಗೆ ಅರ್ಧಾಂಗವಾಯು ಬಡಿಯಿತು. ಅರ್ಧದಲ್ಲಿ ಅರ್ಧ ಹೋದರೆ ಉಳಿಯುವುದು ಕಾಲು. ನನ್ನ ಪಾಲಿಗೆ ಉಳಿದ ಆ ಕಾಲೂ ಮಂಡಿಯಲ್ಲಿ ನೋಯುತ್ತದೆ. ಚನ್ನಬಸವ್ವನ ಬಲಗೈ ಬಲಗಾಲು ಇನ್ನೂ ಎದ್ದಿಲ್ಲ. ಮಾತು ಇಪ್ಪತ್ತು ದಿನಕ್ಕೆ ತಿರುಗಿ ಬಂತು, ಆದರೆ ಬರೀ ಕನ್ನಡ. ನಲವತ್ತು ವರ್ಷ ಕಾಯಿಪಲ್ಯೆಯವರನ್ನು ನಡುಗಿಸಿದ ಅವಳ ಮರಾಠಿ ಒರೆಸಿದ ಪಾಟಿಯಂತಾಗಿದೆ. ಯಾರು ಮರಾಠಿ ಆಡಿದರೂ 'ಏನಂತಾರ್ರೀ?' ಎಂದು ನನ್ನನ್ನೇ ಕೇಳಬೇಕು. ಹೀಗಾಗಿ ಈ ವಯಸ್ಸಿನಲ್ಲಿ ನನಗೆ ಮತ್ತೆ ನೌಕರಿ ಸಿಕ್ಕಿದೆ. ನಾನು ಅವಳ ದುಭಾಷಿ.

ಮೊದಲ ಎರಡು ತಿಂಗಳು ನಾನೇ ಎಲ್ಲ ಮಾಡಿದೆ. ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಬೆನ್ನು ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸುವುದು. ಮಾರ್ಚ್ ಕೊನೆಗೆ ನನ್ನ ಸೊಂಟ ಹಿಡಿಯಿತು. ಆಗ ಮಗಳು ಮಾಧುರಿ ಬಿಬವೇವಾಡಿಯಿಂದ ಸ್ಕೂಟರ್ ಮೇಲೆ ಬಂದು, ರೋಗಿಗಳ ಸೇವೆಗೆ ಹೆಂಗಸರನ್ನು ಕಳಿಸುವ ಯಾವುದೋ ಬ್ಯೂರೋದಿಂದ ಮನೆಯಲ್ಲೇ ಉಳಿಯುವ ಒಬ್ಬ ಬಾಯಿಯನ್ನು ಗೊತ್ತು ಮಾಡಿದಳು. ಇಲ್ಲಿ ಕೆಲಸದ ಹೆಂಗಸಿಗೆ ಬಾಯಿ ಎನ್ನುತ್ತಾರೆ. ಬಾಯಿಯ ಜೊತೆ ನಿಯಮಗಳ ಒಂದು ಹಾಳೆಯೂ ಬಂತು. ರೋಗಿಯ ಬಟ್ಟೆ ಒಗೆಯುತ್ತಾಳೆ, ನನ್ನದಿಲ್ಲ. ರೋಗಿಗೆ ಗಂಜಿ ಕಾಯಿಸುತ್ತಾಳೆ, ನನಗೆ ಚಹಾ ಇಲ್ಲ. ಅವಳಿಗೆ ಬೇರೆ ಹಾಸಿಗೆ, ಬೇರೆ ಕಪಾಟು, ಹದಿನೈದು ದಿನಕ್ಕೊಂದು ರಜೆ.

'ಅಪ್ಪಾ, ಚೋವೀಸ ತಾಸಿನ ಬಾಯಿ ಅಂದ್ರ ಚೋವೀಸ ತಾಸು ದುಡಿಯಾಕಿ ಅಲ್ಲ. ಮಧ್ಯಾಹ್ನ ಎರಡ ತಾಸು ಆಕೀದು. ಮಲ್ಕೋತಾಳ, ಬೇಕಾದ್ದ ಮಾಡ್ತಾಳ. ಕರೀಬ್ಯಾಡ್ರಿ.'

'ಮತ್ತ ಚೋವೀಸ ಯಾಕ ಅಂತಿ? ಇಪ್ಪತ್ನಾಕರಾಗ ಎರಡ ತಗದ್ರ ಬಾವೀಸ. ಬಾವೀಸ ತಾಸಿನಾಕಿ ಅನ್ನು.'

'ಅಪ್ಪಾ! ಆಕೀನೂ ಮನಷ್ಯಾಳ ಅದಾಳ.'

ಮನುಷ್ಯಳೇ, ಅದಕ್ಕೇ ಓಡಿಹೋದಳು. ಮೊದಲನೆಯವಳು ಎಂಟು ದಿನ, ಎರಡನೆಯವಳು ಹನ್ನೆರಡು, ಮೂರನೆಯವಳು ನಾಲ್ಕೇ ದಿನ. ಅದು ಬ್ಯೂರೋ ಅಲ್ಲ, ಬರೋ-ಹೋಗೋ. ಒಬ್ಬಳು ಹೋದ ಮೇಲೆ ಇನ್ನೊಬ್ಬಳು ಬರಲು ಹದಿನೈದು ದಿನ ಫೋನು ಮಾಡಬೇಕು. ಹೋಗುವಾಗ ಮೂವರೂ ಒಂದೇ ಮಾತು ಹೇಳಿ ಅತ್ತರು: 'ಆಜೀಂನಾ ಮೀ ನಕೋ.' ಅಜ್ಜಿಗೆ ನಾನು ಬೇಡವಂತೆ. ನಾನೇನು ಮಾಡಲಿ? ನಿನ್ನ ಅಕ್ಕನಿಗೆ ಪರರ ಕೈ ಒಗ್ಗುವುದಿಲ್ಲ, ಅಷ್ಟೇ. ನಿನ್ನೆ ಸಕ್ಕುಬಾಯಿ ಎಂಬ ನಾಲ್ಕನೆಯವಳು ಬಂದಿದ್ದಾಳೆ. ಐವತ್ತರ ಹೆಂಗಸು, ಮಾತು ಕಡಿಮೆ. ಇವಳದೂ ವಾರದ ಋಣ ಎಂದು ತೋರುತ್ತದೆ.

ಮನೆಯವರಿಗೆಲ್ಲ ನನ್ನ ಆಶೀರ್ವಾದ.

ಇಂತಿ ನಿನ್ನ ಭಾವ,
ಶಿವರುದ್ರಪ್ಪ

ತಾ.ಕ.: ಗುರೆಳ್ಳು ಚಟ್ನಿ ಮುಗಿದಿದೆ. ಬಾಯಿಗಳೂ ನಿಲ್ಲುತ್ತಿಲ್ಲ, ಬಾಯಿಗೆ ರುಚಿಯೂ ಇಲ್ಲ.


ಕೋಥರೂಡ, ಪುಣೆ
೨೭ ಜುಲೈ ೨೦೦೩

ಸಿದ್ದಲಿಂಗಪ್ಪ,

ನಿನ್ನ ಉತ್ತರ ಹತ್ತು ದಿನದಿಂದ ನನ್ನ ಅಂಗಿಯ ಕಿಸೆಯಲ್ಲಿದೆ. ಈ ಸಲ ತಡವಾದದ್ದಕ್ಕೆ ಅಂಚೆಯವನನ್ನು ಬೈಯುವುದಿಲ್ಲ.

'ಅಕ್ಕಗ ಪರರ ಕೈ ಒಗ್ಗಂಗಿಲ್ಲ ಅಂದ್ರ ತವರಮನಿ ಕೈ ಅದಾವ. ಪಂಚಮಿಗೆ ಗಾಡಿ ತಗೊಂಡ ಬರ್ತೀನಿ ಭಾವಾ. ಈ ಸಲ ಕರ್ಕೊಂಡ ಹೋದ್ರ ತಿರುಗಿ ಕಳಸಂಗಿಲ್ಲ' ಎಂದು ಬರೆದಿದ್ದೀಯ. ನಾಗರಪಂಚಮಿಗೆ ತವರಿನವರು ಕರೆಯಲು ಬಂದರೆ ಗಂಡನಾದವನು ಇಲ್ಲವೆನ್ನುವಂತಿಲ್ಲ. ಪಂಚಮಿಗೆ ಇನ್ನು ವಾರವೂ ಇಲ್ಲ. ಆದ್ದರಿಂದ ಇದನ್ನು ಇವತ್ತೇ ಬರೆಯಬೇಕು. ಜೂನ್ ತಿಂಗಳಲ್ಲಿ ನಾನು ನಿನಗೆ ಬರೆದದ್ದು ಸುಳ್ಳು.

ಲಕ್ಷ್ಮೀ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಮೂವತ್ತಾರು ವರ್ಷ ನಾನು ಏನು ಮಾಡಿದೆ ಎಂಬುದು ನಿನಗೆ ಗೊತ್ತು. ನಮ್ಮ ಕಡೆಯ ವ್ಯಾಪಾರಿಗಳ ಕನ್ನಡ ಪತ್ರಗಳನ್ನು ಮಾಲಕರಿಗೆ ಮರಾಠಿಯಲ್ಲಿ ಓದಿ ಹೇಳುತ್ತಿದ್ದೆ. 'ನಿಮ್ಮ ಮಾಲಿಗೆ ಬೆಂಕಿ ಹಚ್ಚ' ಎಂದು ಬರೆದಿದ್ದರೆ 'ಮಾಲು ಇನ್ನಷ್ಟು ಬೆಚ್ಚಗಿರಬೇಕಿತ್ತಂತೆ' ಎನ್ನುತ್ತಿದ್ದೆ. ಕಹಿಯನ್ನು ಸಿಹಿ ಮಾಡುವುದೇ ನನ್ನ ಸಂಬಳದ ಕೆಲಸವಾಗಿತ್ತು. ನಿನ್ನ ಅಕ್ಕನ ಮಾತನ್ನು ಮಾತ್ರ ಉಲ್ಟಾ ಮಾಡಿದೆ.

ಮೊದಲ ಬಾಯಿ ತಲೆ ಬಾಚುವಾಗ ಚನ್ನಬಸವ್ವ, 'ಈಕಿ ಕೈ ಭಾಳ ಹಗರ ಅದರೀ' ಎಂದಳು. ನಾನು ಮರಾಠಿಯಲ್ಲಿ, 'ನಿನ್ನ ಕೈ ಕಲ್ಲಿನಂತಿದೆಯಂತೆ' ಎಂದೆ. ಎರಡನೆಯವಳು ಬಂದಾಗ, 'ಆಕಿ ಉಂಡಾಳೇನ್ರಿ? ಮೊದಲ ಉಣ್ಣ ಅನ್ರಿ' ಎಂದಳು. ನಾನು, 'ನಿನಗೆ ಯಾವಾಗಲೂ ಊಟದ್ದೇ ಚಿಂತೆ ಎನ್ನುತ್ತಾಳೆ' ಎಂದೆ. ಮೂರನೆಯವಳಿಗೆ ಏನು ಹೇಳಿದೆ ಎಂಬುದನ್ನು ನೆನೆಯಲೂ ಮನಸ್ಸಿಲ್ಲ.

ಮೊದಮೊದಲು ಇದೂ ನನ್ನ ಹಳೆಯ ಚೇಷ್ಟೆಗಳ ಹಾಗೆಯೇ ಎಂದುಕೊಂಡೆ. ಅಲ್ಲ. ಎರಡು ತಿಂಗಳು ನಾನು ಹಿಂಡಿದ ಬಟ್ಟೆಯನ್ನು ಇನ್ನೊಬ್ಬಳು ಹಿಂಡುತ್ತಿದ್ದಳು. ನಾನು ಟವೆಲ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದೆ, ಮದುವೆಮನೆಯಲ್ಲಿ ಯಾರೂ ಕರೆಯದ ಬೀಗನ ಹಾಗೆ. ಇವರು ಹೋದರೆ ಅವಳು ಮತ್ತೆ ನನ್ನ ಕೈಗೆ ಬರುತ್ತಾಳೆ ಎಂದು ಲೆಕ್ಕ ಹಾಕಿದೆ. ಬಂದವರು ಹೋದರು, ಸೊಂಟದ ನೋವು ಉಳಿಯಿತು, ಅವಳ ಬೆನ್ನ ಮೇಲೆ ರೂಪಾಯಿ ಅಗಲದ ಹುಣ್ಣೂ ಆಯಿತು. ಆದರೂ ಬುದ್ಧಿ ಬರಲಿಲ್ಲ.

ಸಕ್ಕುಬಾಯಿಗೂ ಅದೇ ಮದ್ದು ಹಾಕಿದೆ. ಅವಳು ಅಳಲಿಲ್ಲ, ಬ್ಯಾಗು ಕಟ್ಟಲಿಲ್ಲ. ಹಗಲೆಲ್ಲ ಹೊತ್ತಿಗೆ ಸರಿಯಾಗಿ ಮಗ್ಗಲು ಹೊರಳಿಸುತ್ತ ಆ ಹುಣ್ಣನ್ನು ಮೂರು ವಾರದಲ್ಲಿ ಮಾಯಿಸಿದಳು. ಒಂದು ಮಂಗಳವಾರ ಬೆಳಿಗ್ಗೆ ಮೈ ಒರೆಸುತ್ತಿದ್ದಾಗ ಚನ್ನಬಸವ್ವ ಕಣ್ಣು ಮುಚ್ಚಿ, 'ನೀರು ಹದಾ ಅದಾವ. ನನ್ನ ಮಗಳೂ ಇಷ್ಟ ಸಾವಕಾಶ ತಿಕ್ಕಂಗಿಲ್ಲ' ಎಂದಳು. ನಾನು ಮರಾಠಿಯಲ್ಲಿ, 'ನೀರು ಸುಡುತ್ತಿದೆಯಂತೆ. ಮಗಳನ್ನು ಕರೆಸು ಎನ್ನುತ್ತಾಳೆ' ಎಂದೆ.

ಸಕ್ಕುಬಾಯಿ ನನ್ನ ಕಡೆ ನೋಡಲೂ ಇಲ್ಲ. ಬಟ್ಟೆ ಹಿಂಡುತ್ತ ಹೇಳಿದಳು:

'ಅಜ್ಜಾ, ಆಯಿ ಹಂಗ ಅಂದಿಲ್ರಿ.'

ಅಚ್ಚ ಕನ್ನಡ! ನನ್ನ ಕೈಯ ಟವೆಲ್ ಬಕೆಟ್ಟಿಗೆ ಬಿತ್ತು.

'ನಾ ಅಕ್ಕಲಕೋಟ ಕಡೀಕ್ಯಾಕಿ. ನಮ್ಮವ್ವ ಕನ್ನಡದಾಗ ಬೈದ ಬೈದ ನನ್ನ ಬೆಳಸ್ಯಾಳ.'

'ಮತ್ತ ಇಷ್ಟ ದಿನ ಯಾಕ ಸುಮ್ಮನಿದ್ದಿ?'

'ನೀವ ಕೇಳಲಿಲ್ಲ. ಈ ಮುದುಕಾ ಇನ್ನ ಎಷ್ಟ ಸುಳ್ಳ ಹೇಳ್ತಾನ ನೋಡೂಣು ಅಂತ ಬಿಟ್ಟಿದ್ನಿ.'

ಅಕ್ಕಲಕೋಟೆಯ ಕಡೆ ಮನೆಮನೆಯಲ್ಲೂ ಕನ್ನಡ ಆಡುತ್ತಾರೆ. ಅಲ್ಲಿಯ ಅಂಗಡಿಗಳ ಪತ್ರಗಳನ್ನು ಅರ್ಧ ಜೀವಮಾನ ಓದಿದವನು ನಾನು. ಸೀರೆಯ ಕಚ್ಚೆ ಮತ್ತು ಬ್ಯೂರೋದ ಚೀಟಿ ನೋಡಿ, ಇವಳಿಗೆ ಮರಾಠಿ ಬಿಟ್ಟು ಬೇರೇನೂ ಬಾರದು ಎಂದು ತೀರ್ಮಾನಿಸಿಬಿಟ್ಟಿದ್ದೆ.

'ಏನ ಸುಳ್ಳ? ಏನ ಹೇಳ್ಯಾರ ಇವ್ರು?' ಎಂದು ಚನ್ನಬಸವ್ವ ಕೇಳಿದಳು. ಸಕ್ಕುಬಾಯಿ ಒಂದನ್ನೂ ಬಿಡದೆ ಹೇಳಿದಳು. ನಿನ್ನ ಅಕ್ಕ ಎಡಗೈಯಿಂದ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು. ಆಮೇಲೆ ಅಂದಳು:

'ಮೊದಲಿನ ಮೂರ ಮಂದೀಗೂ ಹಿಂಗ ಮಾಡಿದ್ರೇನ್ರಿ? ನನ್ನ ಹೊಲಸಿಗೆ ಹೇಸಿ ಹೋದ್ರ ಅಂತ ತಿಳಕೊಂಡಿದ್ನಿ ನಾ.'

ಮೂರು ತಿಂಗಳು ಅವಳು ಹಾಗೆಂದುಕೊಂಡು ಮಲಗಿದ್ದಳು, ಸಿದ್ದಲಿಂಗಪ್ಪ. ನಾನು ಪಕ್ಕದ ಖೋಲಿಯಲ್ಲಿ ಪೇಪರ್ ಓದುತ್ತಿದ್ದೆ.

ಸಕ್ಕುಬಾಯಿ ಉಳಿಯಲು ಒಪ್ಪಿದಳು, ತನ್ನ ಷರತ್ತಿನ ಮೇಲೆ. 'ಮೈ ತೊಳಿಯು ಹೊತ್ತಿನ್ಯಾಗ ನೀವು ಬಾಗಲಾ ಹೊರಗ. ಮಾಧುರಿ ಅಕ್ಕಾರಿಗೆ ನೀವ ಹೇಳ್ರಿ, ನಾ ಚಾಡಿ ಹೇಳಾಕಿ ಅಲ್ಲ.' ಹೇಳಿದೆ. ಮಾಧುರಿ ಒದರುತ್ತಾಳೆ ಎಂದುಕೊಂಡಿದ್ದೆ. ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು. 'ಆ ಮೂರನೇದಾಕಿಗೆ ಬ್ಯೂರೋದವ್ರು ತಿಂಗಳಗಟ್ಟಲೆ ಕೆಲಸಾ ಕೊಡಲಿಲ್ಲ ಅಪ್ಪಾ. ಪೇಷಂಟಗೆ ಸೇರಂಗಿಲ್ಲ ಅಂತ ಬರಕೊಂಡಿದ್ರು' ಎಂದು ಹೇಳಿ ಸ್ಕೂಟರಿನ ಕೀಲಿ ತೆಗೆದುಕೊಂಡು ಹೋದಳು. ನಾಲ್ಕು ದಿನ ಈ ಕಡೆ ಬರಲಿಲ್ಲ. ಬ್ಯೂರೋಕ್ಕೆ ಹೋಗಿ ನಾನೇ ನಿಜ ಬರೆದುಕೊಟ್ಟು ಬಂದೆ. ಅಲ್ಲಿಯ ಗುಮಾಸ್ತ ಓದಿ ನಕ್ಕ. ನನಗೆ ಮೈಯುರಿಯಿತು.

ಈಗ ನನಗೆ ಕೆಲಸವಿಲ್ಲ. ಒಳಗೆ ಇಬ್ಬರೂ ದಿನವಿಡೀ ಕನ್ನಡದಲ್ಲಿ ಮಾತಾಡುತ್ತಾರೆ, ನಗುತ್ತಾರೆ. ನಾನು ಹೋದರೆ ನಗು ನಿಲ್ಲುತ್ತದೆ. ಬಾಗಿಲಿನ ಮೇಲೆ, ನನ್ನ ಮೇಲೆ, ಆ ನಗುವಿನ ಮೇಲೂ ಸಿಟ್ಟು ಬರುತ್ತದೆ. ಆದರೆ ಅವಳು ಎಡಗೈಯಿಂದ ಎರಡು ತುತ್ತು ತಾನೇ ಉಣ್ಣುತ್ತಿದ್ದಾಳೆ. ಅದು ಸಕ್ಕುಬಾಯಿ ಕಲಿಸಿದ್ದು.

ನೀನು ಪಂಚಮಿಗೆ ಬಾ. ಸಕ್ಕುಬಾಯಿ ಪುಣೆ ಬಿಟ್ಟು ಬರುವವಳಲ್ಲ, ಕೇಳಿದ್ದೇನೆ. ಅಕ್ಕನನ್ನು ಒಯ್ದರೆ ಆ ಕೈ ತಪ್ಪುತ್ತದೆ ಎಂಬುದನ್ನು ತಿಳಿದು ಬಾ. ನೀನು ಬಂದ ಕೂಡಲೇ ನಾನು ಕೆಳಗೆ ಸೊಸಾಯಿಟಿಯ ಗೇಟಿಗೆ ಹೋಗಿ ಕೂರುತ್ತೇನೆ. ನೀನೇ ಅವಳನ್ನು ಕೇಳು. ಬೈಲಹೊಂಗಲ ಅಂದರೆ ಗಂಟು ಕಟ್ಟಿ ಗಾಡಿಯಲ್ಲಿಡುವವನು ನಾನೇ. ಇಲ್ಲೇ ಇರುತ್ತೇನೆ ಅಂದರೆ ಹಬ್ಬ ಉಂಡು ಹೋಗು.

ನಿನ್ನ ಮನೆಯವರೆಲ್ಲ ಕೈಕಾಲು ಗಟ್ಟಿಯಾಗಿ ನೂರು ವರ್ಷ ಬಾಳಲಿ. ಮಕ್ಕಳಿಗೆ ಮುದ್ದು.

ಇಂತಿ,
ಶಿವರುದ್ರಪ್ಪ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಬಾಗಿಲ ಹೊರಗೆ ಕೂತಿದ್ದಾಗ ಅವಳು ಒಳಗೆ ಹೇಳುತ್ತಿದ್ದಳು: 'ನನಗ ಯಾರ ಕೈ ಆದ್ರೂ ನಡೀತಿತ್ತ ಸಕ್ಕೂ, ಇವ್ರದೊಂದ ಬ್ಯಾಡಾಗಿತ್ತ. ಲಗ್ನಾ ಆಗಿ ಐವತ್ತ ವರ್ಷಾತು, ಇವ್ರ ಮುಂದ ಸೆರಗ ಜಾರಿಸಿದಾಕಿ ಅಲ್ಲ ನಾ. ಆ ಎರಡ ತಿಂಗಳು ಬೆಳಕ ಹರೀಬಾರದು ಅಂತಿದ್ನಿ.' ಇದು ನನಗೆ ಹೊಸದಲ್ಲ. ಫೆಬ್ರವರಿಯಲ್ಲಿ, ಮಾತು ತಿರುಗಿ ಬಂದ ಮೊದಲ ವಾರವೇ, ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಹೇಳಿದ್ದಳು: 'ನೀವ ಬ್ಯಾಡ್ರೀ. ಯಾರನ್ನರ ಕರೀರಿ.' ನಾನು ಒಂದು ನಗೆಮಾತು ಹೇಳಿ, ಆ ಕೈ ಬಿಡಿಸಿ, ಬಟ್ಟೆ ಹಿಂಡಿದೆ. ಆ ನಗೆಮಾತು ಏನೆಂದು ನಿನಗೂ ಬರೆಯಲಾರೆ.