ಜವಳದ ಕೂದಲು

ಧಾರಾವಿ, ಮುಂಬಯಿ
೧೪-೮-೧೯೭೩

ಅಣ್ಣ ಅಣವೀರಪ್ಪನಿಗೆ ತಂಗಿ ದೇವಕ್ಕನ ನಮಸ್ಕಾರ.

‘ಮನಿದೇವರ ಮುಂದ ಜವಳ ತೆಗಸಲಿಲ್ಲ, ಅದಕ್ಕ ಕೂಸು ಹೋತು’ ಎಂದು ಬರೆದಿದ್ದೀಯ. ಮಗನ ಜ್ವರ ಬಿಟ್ಟರೆ ನಿನ್ನವಳಾಗುತ್ತೇನೆಂದು ನಾನು ಯೇಸುವಿಗೂ ಹರಕೆಯನ್ನೇ ಹೊತ್ತಿದ್ದೆ. ಜ್ವರ ಬಿಡಲಿಲ್ಲ. ಮಣ್ಣು ಮಾಡಿದ ಮೂರನೆಯ ದಿನ, ಪಾದ್ರಿ ಕೊಟ್ಟಿದ್ದ ಬೈಬಲ್ ಹಿಂದಿರುಗಿಸಲು ಚರ್ಚಿಗೆ ಹೋದೆ. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಮೊಣಕಾಲೂರಿ, ನಾನು ನಿನ್ನವಳೇ ಎಂದೆ. ಹೋದ ಭಾನುವಾರ ದೀಕ್ಷಾಸ್ನಾನವಾಯಿತು.

ಚರ್ಚಿಗೆ ಹೋಗುವವಳು ಊರಿಗೆ ಬರಬೇಡ ಎಂದಿದ್ದೀಯ, ಬರುವುದಿಲ್ಲ. ಒಂದು ಕೆಲಸ ಮಾತ್ರ ಮಾಡು. ಹೂಳುವ ಮೊದಲು ಅವನ ಕೂದಲನ್ನು ನಾನೇ ಕತ್ತರಿಸಿದೆ, ಈ ಲಕೋಟೆಯಲ್ಲಿದೆ. ಜವಳ ತೆಗೆಯುವಾಗ ಸೋದರಮಾವನಾದ ನೀನು ಅವನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಿತ್ತಲ್ಲ. ಯಾವ ದೇವರ ಮುಂದೆಯೂ ಬೇಡ. ಸ್ವಲ್ಪ ಹೊತ್ತು ನಿನ್ನ ತೊಡೆಯ ಮೇಲೆ ಇಟ್ಟುಕೋ.

ನಿನ್ನ ತಂಗಿ
ದೇವಕ್ಕ